ಐಸಿ ದೊಡ್ಡದಾದರೆ ಗುಂಯ್ ಸದ್ದು ಹೋಗುವುದೇ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯವನು. ಎರಡು ಟಿಡಿಎ 2030 ಐಸಿಗಳಿಂದ ಸ್ಟೀರಿಯೊ ಆಂಪ್ಲಿಫೈಯರ್ ಕಟ್ಟಿದ್ದೇನೆ. 12-0-12 ವೋಲ್ಟ್‌ನ 3 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಪ್ಲಸ್ ಕಡೆಗೂ ಮೈನಸ್ ಕಡೆಗೂ ಒಂದೊಂದು 2200 ಮೈಕ್ರೊಫ್ಯಾರಡ್ ಕೆಪಾಸಿಟರ್, 4 ಓಮ್‌ನ ಸ್ಪೀಕರ್‌ಗಳು ಇವೆ. ಡಿಶ್‌ನ ಸೆಟ್‌ಟಾಪ್ ಬಾಕ್ಸ್‌ನಿಂದ ಧ್ವನಿಯನ್ನು ಆಂಪ್ಲಿಫೈಯರ್‌ಗೂ ಚಿತ್ರವನ್ನು ಹಳೆಯ ಪಿಕ್ಚರ್ ಟ್ಯೂಬ್ ಟಿವಿಗೂ ಕೊಟ್ಟಿದ್ದೇನೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್ ಎನ್ನುವ ಸದ್ದು ನಿಲ್ಲುವುದಿಲ್ಲ. ಸೆಟ್‌ಟಾಪ್ ಬಾಕ್ಸ್ ಜೋಡಿಸಿದರೆ ಅದು ಇನ್ನೂ ಹೆಚ್ಚುತ್ತದೆ, ಟಿವಿಯ ಪರದೆಯ ಮೇಲೆ ಮಸುಕಾದ ಪಟ್ಟಿಯೊಂದು ತೆವಳುತ್ತದೆ. ಬೇಸಿಗೆಯಲ್ಲಿ ಅರ್ಧ ಗಂಟೆ ಹಾಡು ಹಾಕಿದರೆ ಧ್ವನಿ ಕಡಿದು ಕಡಿದು ಬರುತ್ತದೆ. ಈಗಾಗಲೇ ಎರಡು ಸಲ ಐಸಿ ಸುಟ್ಟಿದೆ, ಎರಡೂ ಸಲ ತಡರಾತ್ರಿಯಲ್ಲೇ. ದೊಡ್ಡ ಐಸಿಯ ಬೋರ್ಡ್ ಹಾಕಿಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಿಕೊಳ್ಳಲೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಹೇಳಿರುವ ತೊಂದರೆಗಳಲ್ಲಿ ಒಂದೂ ಐಸಿ ಚಿಕ್ಕದಾದ್ದರಿಂದ ಬಂದದ್ದಲ್ಲ. ಇದೇ ಟ್ರಾನ್ಸ್‌ಫಾರ್ಮರ್, ಇದೇ ವೈರಿಂಗ್, ಇದೇ ಹೀಟ್‌ಸಿಂಕ್ (ಐಸಿಯ ಬಿಸಿಯನ್ನು ಗಾಳಿಗೆ ಬಿಡುವ ಅಲ್ಯೂಮಿನಿಯಂ ತುಂಡು) ಇಟ್ಟುಕೊಂಡು ಟಿಡಿಎ 7294 ಅಥವಾ ಎಲ್‌ಎಂ 3886 ಬೋರ್ಡ್ ಕೂರಿಸಿದರೂ ಅದೇ ಗುಂಯ್ ಸದ್ದು ಕೇಳುತ್ತದೆ, ಅದೇ ಬಿಸಿ ಏರುತ್ತದೆ. ಸ್ಪೀಕರ್‌ಗೆ ಎಷ್ಟು ವ್ಯಾಟ್ ಹೋಗಬಹುದು ಎಂಬುದನ್ನು ನಿರ್ಧರಿಸುವುದು ಪವರ್ ಸಪ್ಲೈಯ ವೋಲ್ಟೇಜ್ ಮತ್ತು ಸ್ಪೀಕರ್‌ನ ಓಮ್. 16 ವೋಲ್ಟ್ ಕೊಟ್ಟರೆ ಎಷ್ಟೇ ದೊಡ್ಡ ಐಸಿಯಾದರೂ 16 ವೋಲ್ಟ್‌ನೊಳಗಿನ ಕೆಲಸವನ್ನೇ ಮಾಡುತ್ತದೆ. ಕಲಬುರಗಿಯಲ್ಲಿ ಬಹಳ ವರ್ಷಗಳಿಂದ ಆಂಪ್ಲಿಫೈಯರ್‌ಗಳನ್ನು ಕಟ್ಟುತ್ತ, ಇತರರು ಕಟ್ಟಿದ್ದನ್ನು ಬಿಚ್ಚಿ ನೋಡುತ್ತ ಬಂದ ನನಗೆ ಒಂದು ಮಾತು ಖಚಿತವಾಗಿದೆ: ನಾವು ಕೇಳುವುದು ಐಸಿಯನ್ನಲ್ಲ, ಪವರ್ ಸಪ್ಲೈಯನ್ನು. ಐಸಿ ಮಾಡುವುದು ಆ ಸಪ್ಲೈಯಿಂದ ಸ್ಪೀಕರ್‌ಗೆ ಎಷ್ಟು ಬಿಡಬೇಕೆಂದು ಅಳೆದು ಬಿಡುವ ಕೆಲಸವನ್ನಷ್ಟೆ. ಆದ್ದರಿಂದ ನಿಮ್ಮ ಹಣವನ್ನೂ ಶ್ರಮವನ್ನೂ ಮೊದಲು ಟ್ರಾನ್ಸ್‌ಫಾರ್ಮರ್‌ನಿಂದ ಐಸಿಯವರೆಗಿನ ದಾರಿಗೆ ಹಾಕಿ.

ಎರಡೂ ಸಲ ಐಸಿ ತಡರಾತ್ರಿ ಸುಟ್ಟಿತು ಎಂದು ನೀವು ಬರೆದದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಕಾರಣ ಆ ಒಂದು ವಿವರದಲ್ಲೇ ಇದೆ. ನಿಮ್ಮ ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರುವ 12 ವೋಲ್ಟ್ ಎಂಬುದು ಗೋಡೆಯಲ್ಲಿ 230 ವೋಲ್ಟ್ ಇದ್ದು, ಪೂರ್ತಿ ಕರೆಂಟ್ ಎಳೆಯುತ್ತಿರುವಾಗ ಸಿಗುವ ಅಂಕಿ. ಹಾಗೆ ಸಿಕ್ಕ 12 ವೋಲ್ಟ್ ಎಸಿಯನ್ನು 1.414ರಿಂದ ಗುಣಿಸಿ, ಡಯೋಡ್‌ನಲ್ಲಿ ಹೋಗುವ ಸುಮಾರು 0.8 ವೋಲ್ಟ್ ಕಳೆದರೆ, ಕೆಪಾಸಿಟರ್ ಮೇಲೆ ಸುಮಾರು 16 ವೋಲ್ಟ್ ಡಿಸಿ ನಿಲ್ಲುತ್ತದೆ. ಇಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಆದರೆ ಈ ಗಾತ್ರದ ಟ್ರಾನ್ಸ್‌ಫಾರ್ಮರ್‌ಗಳು ಹೊರೆ ಇಲ್ಲದಾಗ ಸುಮಾರು ಶೇಕಡ 10ರಷ್ಟು ಹೆಚ್ಚು ವೋಲ್ಟೇಜ್ ಕೊಡುತ್ತವೆ, ಅಂದರೆ 12 ಇದ್ದದ್ದು 13.2 ಆಗುತ್ತದೆ. ಅದರ ಮೇಲೆ ಹೊಲಗಳ ಪಂಪ್‌ಸೆಟ್‌ಗಳೆಲ್ಲ ನಿಂತ ಹೊತ್ತಿನಲ್ಲಿ ಹಳ್ಳಿಯ ಲೈನಿನ ವೋಲ್ಟೇಜ್ ಏರುತ್ತದೆ. ಅದು 255ಕ್ಕೆ ಮುಟ್ಟಿದರೆ ನಿಮ್ಮ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿಯಲ್ಲಿ (ಕಡಿಮೆ ವೋಲ್ಟೇಜ್ ಹೊರಬರುವ ಸುತ್ತಿನಲ್ಲಿ) 14.6 ವೋಲ್ಟ್, ಕೆಪಾಸಿಟರ್ ಮೇಲೆ ಹತ್ತಿರ ಹತ್ತಿರ 20 ವೋಲ್ಟ್. ಟಿಡಿಎ 2030 ತಡೆಯುವ ಗರಿಷ್ಠ ಮಿತಿ ಪ್ಲಸ್ ಮೈನಸ್ 18 ವೋಲ್ಟ್. ಹಗಲಿಡೀ ಸುಖವಾಗಿದ್ದ ಐಸಿ ರಾತ್ರಿ ಹಾಡು ನಿಂತು, ಹೊರೆ ಇಲ್ಲದೆ ಸುಮ್ಮನೆ ಕುಳಿತ ಹೊತ್ತಿನಲ್ಲೇ ಸಾಯುವುದಕ್ಕೆ ಇದೇ ಕಾರಣವಿರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ನನ್ನ ನಂಬಿಕೆಯನ್ನು ನೀವೇ ಪರೀಕ್ಷಿಸಬಹುದು. ಐಸಿಗಳನ್ನು ತೆಗೆದು, ಪವರ್ ಸಪ್ಲೈಯನ್ನಷ್ಟೇ ಚಾಲೂ ಮಾಡಿ, ಸಂಜೆ 7ಕ್ಕೊಮ್ಮೆ, ರಾತ್ರಿ 12ಕ್ಕೊಮ್ಮೆ, ನಸುಕಿನ 4ಕ್ಕೊಮ್ಮೆ ಮಲ್ಟಿಮೀಟರ್‌ನಿಂದ ಪ್ಲಸ್ ಮತ್ತು ಮೈನಸ್ ಎರಡೂ ಕಡೆಯ ಡಿಸಿ ಅಳೆದು ನಾಲ್ಕಾರು ದಿನ ಬರೆದಿಡಿ. ಅತಿ ಹೆಚ್ಚಿನ ಅಂಕಿ 18ನ್ನು ದಾಟುತ್ತಿದ್ದರೆ ನಿಮ್ಮ ಮುಂದೆ ಎರಡು ದಾರಿಗಳಿವೆ. ಒಂದು, 9-0-9 ಟ್ರಾನ್ಸ್‌ಫಾರ್ಮರ್‌ಗೆ ಇಳಿಯುವುದು; ಧ್ವನಿ ಸ್ವಲ್ಪ ತಗ್ಗುತ್ತದೆ. ಇನ್ನೊಂದು, ಅದೇ ಐದು ಕಾಲಿನ ಜಾಗದಲ್ಲಿ ಕೂರುವ, ಹೆಚ್ಚು ವೋಲ್ಟೇಜ್ ತಡೆಯುವ ಐಸಿ ಹಾಕುವುದು. ಟಿಡಿಎ 2030ಎ ಪ್ಲಸ್ ಮೈನಸ್ 22 ವೋಲ್ಟ್ ತಡೆಯುತ್ತದೆ, ಟಿಡಿಎ 2050 ಪ್ಲಸ್ ಮೈನಸ್ 25, ಎಲ್‌ಎಂ 1875 ಪ್ಲಸ್ ಮೈನಸ್ 30. ನಾನಾದರೆ ಎರಡನೆಯ ದಾರಿ ಹಿಡಿದು 2050 ಅಥವಾ 1875 ಹಾಕುತ್ತೇನೆ. ಇಷ್ಟರ ಮಟ್ಟಿಗೆ ಅಂಗಡಿಯವರ ಸಲಹೆಗೆ ಒಂದು ಅರ್ಥವಿದೆ. ಆದರೆ ಇಲ್ಲಿ ಐಸಿ ಬದಲಿಸುವುದು ವ್ಯಾಟ್ ಹೆಚ್ಚಿಸಲಿಕ್ಕಲ್ಲ, ನಡುರಾತ್ರಿಯ ವೋಲ್ಟೇಜ್ ತಡೆದುಕೊಳ್ಳಲಿಕ್ಕೆ. ಕೆಪಾಸಿಟರ್‌ಗಳೂ 25 ವೋಲ್ಟ್‌ನವು ಬೇಡ, 35 ವೋಲ್ಟ್‌ನವು ಇರಲಿ. 85 ಡಿಗ್ರಿಯ ಬದಲು 105 ಡಿಗ್ರಿ ಎಂದು ಬರೆದಿರುವುದನ್ನೇ ಕೇಳಿ ಪಡೆಯಿರಿ, ಏಕೆಂದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯಸ್ಸು ಪ್ರತಿ 10 ಡಿಗ್ರಿ ಬಿಸಿ ಏರಿದಾಗಲೂ ಅರ್ಧಕ್ಕೆ ಇಳಿಯುತ್ತದೆ ಎಂಬುದು ರೂಢಿಯ ಲೆಕ್ಕ, ಮತ್ತು ನಮ್ಮ ಕಡೆ ಬಿಸಿಗೆ ಕೊರತೆಯಿಲ್ಲ.

ಬಿಸಿಯ ಮಾತು ಬಂದದ್ದರಿಂದ ಕಡಿದು ಬರುವ ಧ್ವನಿಯ ವಿಷಯವನ್ನು ಇಲ್ಲೇ ಮುಗಿಸುತ್ತೇನೆ. ಟಿಡಿಎ 2030ರೊಳಗೆ ಅತಿಯಾಗಿ ಕಾದಾಗ ತಾನೇ ಕೆಲಸ ನಿಲ್ಲಿಸುವ ರಕ್ಷಣೆಯಿದೆ. ಅರ್ಧ ಗಂಟೆಯ ನಂತರ ಧ್ವನಿ ಹೋಗಿ, ಆರಿದ ಮೇಲೆ ಮರಳಿ ಬರುವುದು ಆ ರಕ್ಷಣೆಯ ಕೆಲಸ. ಅದು ದೋಷವಲ್ಲ, ಹೀಟ್‌ಸಿಂಕ್ ಸಾಲದು ಎಂಬ ಎಚ್ಚರಿಕೆ. ಸಾಮಾನ್ಯವಾಗಿ ಪುಸ್ತಕದ ಲೆಕ್ಕಗಳು ಸುತ್ತಲಿನ ಗಾಳಿ 25 ಡಿಗ್ರಿ ಇದೆಯೆಂದು ಹಿಡಿಯುತ್ತವೆ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಹೊರಗೇ 42-43 ಡಿಗ್ರಿ ಇರುತ್ತದೆ. ಪರಸಿ ಕಲ್ಲಿನ ಮಾಳಿಗೆಯ ಮನೆಯಾದರೆ ಹಗಲು ಕುಡಿದ ಬಿಸಿಲನ್ನು ಕಲ್ಲು ರಾತ್ರಿಯವರೆಗೂ ಉಗುಳುತ್ತದೆ. ಗೋಡೆಯ ಗೂಡಿನಲ್ಲಿಟ್ಟ ಡಬ್ಬಿಯೊಳಗಿನ ಗಾಳಿಯನ್ನು 50 ಡಿಗ್ರಿ ಎಂದು ಹಿಡಿಯುವುದೇ ಪ್ರಾಮಾಣಿಕ ಲೆಕ್ಕ.

ಆ ಲೆಕ್ಕವನ್ನು ಒಮ್ಮೆ ಜೊತೆಯಾಗಿ ಮಾಡೋಣ. ಪ್ಲಸ್ ಮೈನಸ್ 16 ವೋಲ್ಟ್‌ನಲ್ಲಿ ಒಂದು ಐಸಿ ಬಿಸಿಯಾಗಿ ಕಳೆಯುವ ಗರಿಷ್ಠ ಶಕ್ತಿ 4 ಓಮ್ ಸ್ಪೀಕರ್‌ಗೆ ಸುಮಾರು 13 ವ್ಯಾಟ್, 8 ಓಮ್‌ಗೆ ಸುಮಾರು 6.5 ವ್ಯಾಟ್. ಸುಮ್ಮನಿದ್ದಾಗಲೂ ಅದು ಎಳೆಯುವ ಕರೆಂಟಿನ ಪಾಲನ್ನು 1.5 ವ್ಯಾಟ್ ಎಂದು ಸೇರಿಸಿದರೆ 14.5 ಮತ್ತು 8 ವ್ಯಾಟ್ ಆಗುತ್ತದೆ. ಐಸಿಯ ಒಳಗಿನ ಸಿಲಿಕಾನ್‌ನಿಂದ ಅದರ ಲೋಹದ ಬೆನ್ನಿಗೆ ಬಿಸಿ ಹರಿಯುವಾಗ ಪ್ರತಿ ವ್ಯಾಟ್‌ಗೆ 3 ಡಿಗ್ರಿ, ಐಸಿಗೂ ಹೀಟ್‌ಸಿಂಕ್‌ಗೂ ನಡುವೆ ಕರೆಂಟ್ ತಡೆಯಲು ಇಡುವ ಅಭ್ರಕದ ಹಾಳೆ ಮತ್ತು ಬಿಳಿ ಪೇಸ್ಟ್ ದಾಟುವಾಗ ಹೆಚ್ಚೆಂದರೆ ಇನ್ನೊಂದು ಡಿಗ್ರಿ ವ್ಯತ್ಯಾಸ ನಿಲ್ಲುತ್ತದೆ. ಸಿಲಿಕಾನ್ 125 ಡಿಗ್ರಿ ದಾಟಬಾರದು ಎಂದಿಟ್ಟುಕೊಂಡರೆ, 4 ಓಮ್‌ನಲ್ಲಿ ಹೀಟ್‌ಸಿಂಕ್ 67 ಡಿಗ್ರಿಯೊಳಗೆ ಇರಬೇಕು. ಸುತ್ತಲಿನ 50 ಡಿಗ್ರಿಗಿಂತ ಅದು 17 ಡಿಗ್ರಿ ಮಾತ್ರ ಹೆಚ್ಚು. ಅಂದರೆ ಪ್ರತಿ ವ್ಯಾಟ್‌ಗೆ 1.2 ಡಿಗ್ರಿಯಷ್ಟೇ ಏರುವ ಹೀಟ್‌ಸಿಂಕ್ ಬೇಕು. 25 ಡಿಗ್ರಿಯ ಊರಿನಲ್ಲಾದರೆ 2.9 ಡಿಗ್ರಿಯದು ಸಾಕಾಗುತ್ತಿತ್ತು. ತಂಪಾದ ಊರಿನವರು ಬರೆದ ಪ್ರಾಜೆಕ್ಟನ್ನು ನೋಡಿ ಅದೇ ಅಳತೆಯ ಅಲ್ಯೂಮಿನಿಯಂ ತುಂಡು ಹಾಕಿದರೆ ನಮ್ಮಲ್ಲಿ ಅದು ಬೇಕಾದುದರ ಅರ್ಧಕ್ಕೂ ಕಡಿಮೆಯಾಗುವುದು ಹೀಗೆ. ಅದೇ 8 ಓಮ್ ಸ್ಪೀಕರ್ ಹಾಕಿದರೆ 50 ಡಿಗ್ರಿಯಲ್ಲೂ 5.4 ಡಿಗ್ರಿಯ ಹೀಟ್‌ಸಿಂಕ್ ಸಾಕು. ಹಾಡು ಸದಾ ಇಷ್ಟು ಬಿಸಿ ಹುಟ್ಟಿಸುವುದಿಲ್ಲ ಎಂಬುದು ನಿಜ. ಆದರೆ ರಾತ್ರಿಯಿಡೀ ತತ್ವಪದ, ಭಜನೆ ನಡೆಯುವ ಮನೆಯಲ್ಲಿ ಆ ಸಮಾಧಾನವನ್ನು ನೆಚ್ಚಿಕೊಳ್ಳಬಾರದು.

ಹೀಗಾಗಿ ನನ್ನ ಸ್ಪಷ್ಟ ಸಲಹೆ: 4 ಓಮ್ ಬಿಟ್ಟು 8 ಓಮ್ ಸ್ಪೀಕರ್‌ಗೆ ಬನ್ನಿ. ತಯಾರಕರು ಟಿಡಿಎ 2030ಕ್ಕೆ ಪ್ಲಸ್ ಮೈನಸ್ 14 ವೋಲ್ಟ್‌ನಲ್ಲಿ ಖಾತರಿ ಕೊಡುವುದು 4 ಓಮ್‌ಗೆ 12 ವ್ಯಾಟ್, 8 ಓಮ್‌ಗೆ 8 ವ್ಯಾಟ್. ಈ ಎರಡರ ನಡುವಿನ ವ್ಯತ್ಯಾಸ ಕಿವಿಗೆ 2 ಡೆಸಿಬೆಲ್ ಕೂಡ ಅಲ್ಲ. ಒಂದು ವ್ಯಾಟ್‌ಗೆ 86 ಡೆಸಿಬೆಲ್ ಕೊಡುವ ಸ್ಪೀಕರ್ ಬದಲು 92 ಡೆಸಿಬೆಲ್ ಕೊಡುವ ಸ್ಪೀಕರ್ ತಂದರೆ, ಆಂಪ್ಲಿಫೈಯರ್‌ನ ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಿದಷ್ಟೇ ಫಲ ಸಿಗುತ್ತದೆ, ಬಿಸಿ ಎಳ್ಳಷ್ಟೂ ಹೆಚ್ಚುವುದಿಲ್ಲ. ಹೀಟ್‌ಸಿಂಕನ್ನು ಡಬ್ಬಿಯ ಹೊರಗೆ, ಅದರ ರೆಕ್ಕೆಗಳು ನೆಟ್ಟಗೆ ನಿಲ್ಲುವಂತೆ ಕೂರಿಸಿ. ಅಡ್ಡ ಮಲಗಿಸಿದರೆ ಬಿಸಿಗಾಳಿ ಮೇಲೇಳದು.

ಒಂದು ಎಚ್ಚರಿಕೆ ಇದೆ. ಈ ಐಸಿಯ ಲೋಹದ ಬೆನ್ನು ಮೂರನೆಯ ಕಾಲಿಗೆ, ಅಂದರೆ ಮೈನಸ್ ಸಪ್ಲೈಗೆ ಒಳಗೊಳಗೇ ಸೇರಿದೆ. ನಾನು ಕಲಿಯುವ ದಿನಗಳಲ್ಲಿ ಅಭ್ರಕದ ಹಾಳೆಯನ್ನು ಸರಿಯಾಗಿ ಹಾಕಿದೆ, ಆದರೆ ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕುವುದನ್ನು ಮರೆತೆ. ಸ್ಕ್ರೂ ಮೂಲಕವೇ ಮೈನಸ್ 16 ವೋಲ್ಟ್ ಡಬ್ಬಿಗೆ ಇಳಿದು, ಡಬ್ಬಿ ಅರ್ತ್‌ಗೆ ಸೇರಿದ್ದರಿಂದ, ಸ್ವಿಚ್ ಹಾಕಿದ ಕ್ಷಣವೇ ಡಯೋಡ್‌ಗಳೂ ಟ್ರಾನ್ಸ್‌ಫಾರ್ಮರ್‌ನ ಸುತ್ತೂ ಹೋದವು. ಆ ಹೊಗೆಯ ವಾಸನೆ ಇಂದಿಗೂ ನೆನಪಿದೆ. ಸ್ಕ್ರೂ ಬಿಗಿ ಮಾಡಿದ ಮೇಲೆ ಐಸಿಯ ಬೆನ್ನಿಗೂ ಹೀಟ್‌ಸಿಂಕ್‌ಗೂ ನಡುವೆ ಮಲ್ಟಿಮೀಟರ್ ಹಿಡಿದು, ಬೀಪ್ ಬರುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳದೆ ಮುಂದೆ ಹೋಗಬೇಡಿ.

ಹಾಡು ಇಲ್ಲದಾಗಲೂ ಐಸಿ ಕೈ ಇಡಲಾರದಷ್ಟು ಕಾಯುತ್ತಿದ್ದರೆ ಕಾರಣ ಬೇರೆಯೇ ಇರುತ್ತದೆ. ಕಿವಿಗೆ ಕೇಳದಷ್ಟು ಎತ್ತರದ ತರಂಗದಲ್ಲಿ ಅದು ತಾನೇ ತಾನಾಗಿ ಆಂದೋಲನಗೊಳ್ಳುತ್ತಿರಬಹುದು. ಐಸಿಯ 3 ಮತ್ತು 5ನೆಯ ಕಾಲುಗಳ ಬುಡದಲ್ಲೇ 100 ನ್ಯಾನೊಫ್ಯಾರಡ್ ಕೆಪಾಸಿಟರ್‌ಗಳು ಇರಬೇಕು. ಔಟ್‌ಪುಟ್‌ನಿಂದ ಗ್ರೌಂಡ್‌ಗೆ (ಸರ್ಕ್ಯೂಟ್‌ನ 0 ವೋಲ್ಟ್ ತಂತಿಗೆ) 1 ಓಮ್ ರೆಸಿಸ್ಟರ್ ಮತ್ತು 220 ನ್ಯಾನೊಫ್ಯಾರಡ್ ಕೆಪಾಸಿಟರ್ ಸಾಲಾಗಿ ಇರಬೇಕು. ಹಮ್, ಅಂದರೆ ಗುಂಯ್ ಸದ್ದು, ಕಡಿಮೆಯಾಗಲೆಂದು ಕೆಲವರು ಫೀಡ್‌ಬ್ಯಾಕ್ ರೆಸಿಸ್ಟರ್ (ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ಮರಳಿಸುವುದು) ಬದಲಿಸಿ ಗೇನ್, ಅಂದರೆ ಸಂಕೇತವನ್ನು ಐಸಿ ಹಿಗ್ಗಿಸುವ ಪ್ರಮಾಣ, ತಗ್ಗಿಸುತ್ತಾರೆ. ಈ ಐಸಿಗೆ 24 ಡೆಸಿಬೆಲ್‌ಗಿಂತ ಕಡಿಮೆ ಗೇನ್ ಇಡಬಾರದು. ಇಟ್ಟರೆ ಇದೇ ಕಾಣದ ಆಂದೋಲನ ಹುಟ್ಟುತ್ತದೆ.

ಈಗ ಗುಂಯ್ ಸದ್ದಿಗೆ ಬರುತ್ತೇನೆ. ಇದಕ್ಕೆ ಹೆಚ್ಚು ತಾಳ್ಮೆ ಬೇಕು. ಮೊದಲು ಇನ್‌ಪುಟ್‌ಗೆ ಜೋಡಿಸಿದ ತಂತಿಗಳನ್ನೆಲ್ಲ ತೆಗೆದು, ಇನ್‌ಪುಟ್ ಸಾಕೆಟ್‌ನ ನಡುವಿನ ಪಿನ್ನನ್ನೂ ಹೊರಗಿನ ಉಂಗುರವನ್ನೂ ಒಂದು ಚಿಕ್ಕ ತಂತಿಯಿಂದ ಸೇರಿಸಿ. ಆಗಲೂ ಸದ್ದು ಉಳಿದರೆ ಅದು ಡಬ್ಬಿಯೊಳಗಿನದು. ವಾಲ್ಯೂಮ್ ಇಳಿಸಿದರೂ ಹೋಗುವುದಿಲ್ಲ ಎಂದಿದ್ದೀರಿ, ಆದ್ದರಿಂದ ಒಂದು ಪಾಲು ಖಂಡಿತ ಒಳಗಿನದೇ. ಸೆಟ್‌ಟಾಪ್ ಬಾಕ್ಸ್ ಜೋಡಿಸಿದಾಗ ಹೆಚ್ಚುವ ಪಾಲು ಹೊರಗಿನದು. ಎರಡು ಬೇರೆ ಬೇರೆ ರೋಗಗಳಿವೆ, ಎರಡಕ್ಕೂ ಬೇರೆ ಬೇರೆ ಮದ್ದು ಬೇಕು. ಒಂದನ್ನು ವಾಸಿ ಮಾಡಿ ಇನ್ನೊಂದು ಉಳಿದಾಗ ಮಾಡಿದ್ದೆಲ್ಲ ವ್ಯರ್ಥವಾಯಿತೆಂದು ಹಲವರು ಕೈಬಿಡುತ್ತಾರೆ.

ಇವೆರಡನ್ನು ಕಿವಿಯಿಂದಲೂ ಗುರುತಿಸಬಹುದು. ರೆಕ್ಟಿಫೈಯರ್‌ನಿಂದ, ಅಂದರೆ ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳಿಂದ, ಬರುವ ಸದ್ದು 100 ಹರ್ಟ್ಸ್‌ನದು, ಸ್ವಲ್ಪ ಒರಟು. ಊರಿನ ಓಣಿಯಲ್ಲಿ ಕಂಬದ ಮೇಲಿರುವ ವಿದ್ಯುತ್ ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತರೆ ಕೇಳುವ ಸದ್ದು ಇದೇ 100 ಹರ್ಟ್ಸ್‌ನದು. ಒಮ್ಮೆ ದೂರದಲ್ಲಿ ನಿಂತು ಅದನ್ನು ಕಿವಿಗೆ ತುಂಬಿಕೊಂಡು ಬನ್ನಿ. ಟ್ರಾನ್ಸ್‌ಫಾರ್ಮರ್‌ನ ಸೋರಿಕೆಯಿಂದ, ಗ್ರೌಂಡ್ ಸುತ್ತಿನಿಂದ (ಉಪಕರಣಗಳ ಗ್ರೌಂಡ್‌ಗಳು ಎರಡು ದಾರಿಯಲ್ಲಿ ಸೇರಿ ಆಗುವ ಸುತ್ತಿನಿಂದ) ಬರುವುದು ಹೆಚ್ಚಾಗಿ 50 ಹರ್ಟ್ಸ್‌ನದು. ಅದು ಒಂದು ಆಕ್ಟೇವ್ ಕೆಳಗೆ, ಮಂದ್ರದಲ್ಲಿ, ಮೆತ್ತಗೆ ಇರುತ್ತದೆ.

ಒಳಗಿನ ಸದ್ದಿಗೆ ಎಲ್ಲರೂ ಮೊದಲು ದೂರುವುದು ಕೆಪಾಸಿಟರನ್ನು. ನಿಮ್ಮ 2200 ಮೈಕ್ರೊಫ್ಯಾರಡ್ ಕಡಿಮೆಯೇ, ಅದನ್ನು ಅಲ್ಲಗಳೆಯುವುದಿಲ್ಲ. ಎರಡೂ ಚಾನೆಲ್‌ಗಳು 8 ಓಮ್‌ಗೆ 8 ವ್ಯಾಟ್ ಕೊಡುವಾಗ ಪ್ರತಿ ಸಪ್ಲೈಯಿಂದ ಸರಾಸರಿ 0.9 ಆಂಪಿಯರ್ ಹರಿಯುತ್ತದೆ. ಸ್ಥೂಲ ಲೆಕ್ಕದಲ್ಲಿ 2200ರ ಮೇಲೆ ಅದು 4 ವೋಲ್ಟ್ ಏರಿಳಿತ ಹುಟ್ಟಿಸಿದರೆ, 4700ರ ಮೇಲೆ 2 ವೋಲ್ಟ್‌ಗಿಂತ ಕಡಿಮೆ. ಆದ್ದರಿಂದ ಪ್ರತಿ ಕಡೆ 4700 ಹಾಕಿ. ಆದರೆ ಸಪ್ಲೈಯ ಏರಿಳಿತವನ್ನು ಐಸಿ ತಾನೇ ಬಹುಪಾಲು ತಡೆದುಕೊಳ್ಳುತ್ತದೆ, ಹಾಡಿಲ್ಲದಾಗ ಆ ಏರಿಳಿತ ಇರುವುದೂ ಅತ್ಯಲ್ಪ. ಹಾಗಿದ್ದೂ ಸುಮ್ಮನಿರುವಾಗ ಗುಂಯ್‌ಗುಡುತ್ತದೆ ಎಂದರೆ ಕಳ್ಳದಾರಿ ಬೇರೆ ಇದೆ. ಅದು ಗ್ರೌಂಡ್ ತಂತಿ.

ಕೆಪಾಸಿಟರ್ ತುಂಬಿಕೊಳ್ಳುವುದು ನಿರಂತರವಾಗಿ ಅಲ್ಲ. ಎಸಿಯ ಪ್ರತಿ ಅಲೆಯ ತುದಿಯಲ್ಲಿ, ಸೆಕೆಂಡಿಗೆ 100 ಸಲ, ಸಣ್ಣ ಸಣ್ಣ ಗುಕ್ಕುಗಳಲ್ಲಿ. ಸರಾಸರಿ 0.1 ಆಂಪಿಯರ್ ಎಳೆಯುವ ನಿಮ್ಮ ಸುಮ್ಮನಿರುವ ಆಂಪ್ಲಿಫೈಯರ್‌ನಲ್ಲೂ ಆ ಗುಕ್ಕುಗಳು 0.6 ಆಂಪಿಯರ್‌ನಷ್ಟು ಎತ್ತರ ಇರಬಹುದು. ಅರ್ಧ ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ 30 ಸೆಂಟಿಮೀಟರ್ ತುಂಡಿಗೆ ಸುಮಾರು 10 ಮಿಲಿಓಮ್ ರೋಧವಿದೆ. ಆ ತುಂಡಿನಲ್ಲಿ 0.6 ಆಂಪಿಯರ್ ಹರಿದರೆ 6 ಮಿಲಿವೋಲ್ಟ್ ಹುಟ್ಟುತ್ತದೆ. ನಗಣ್ಯ ಅನ್ನಿಸುತ್ತದೆ, ಅಲ್ಲವೇ? ಈಗ ನಿಮ್ಮ ಇನ್‌ಪುಟ್‌ನ ಗ್ರೌಂಡ್ ಅದೇ ತುಂಡಿನ ಒಂದು ತುದಿಗೂ, ಫೀಡ್‌ಬ್ಯಾಕ್‌ನ ಗ್ರೌಂಡ್ ಇನ್ನೊಂದು ತುದಿಗೂ ಬೆಸುಗೆಯಾಗಿದೆ ಎಂದುಕೊಳ್ಳಿ. ಐಸಿಗೆ ಆ 6 ಮಿಲಿವೋಲ್ಟ್ ಹಾಡಿನಂತೆಯೇ ಕಾಣುತ್ತದೆ. ಪ್ರಚಲಿತ ಸರ್ಕ್ಯೂಟ್‌ನಲ್ಲಿ 22 ಕಿಲೊಓಮ್ ಮತ್ತು 680 ಓಮ್ ರೆಸಿಸ್ಟರ್‌ಗಳು ಕೊಡುವ ಗೇನ್ 33. ಸ್ಪೀಕರ್‌ನಲ್ಲಿ 200 ಮಿಲಿವೋಲ್ಟ್ ಸದ್ದು ಸಿದ್ಧವಾಗುತ್ತದೆ, ಮಲಗುವ ಕೋಣೆಯವರೆಗೂ ಕೇಳುವಷ್ಟು. ಇದನ್ನು ಅರಿಯದೆ ಕೆಪಾಸಿಟರನ್ನು 10,000ಕ್ಕೆ, 22,000ಕ್ಕೆ ಏರಿಸುತ್ತ ಹೋದರೆ ಗುಕ್ಕುಗಳು ಇನ್ನಷ್ಟು ಚೂಪಾಗಿ, ಇನ್ನಷ್ಟು ಎತ್ತರವಾಗಿ, ಸದ್ದು ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಹೀಗಾದದ್ದನ್ನು ನಾನು ಎಷ್ಟೋ ಡಬ್ಬಿಗಳಲ್ಲಿ ನೋಡಿದ್ದೇನೆ.

ಆದ್ದರಿಂದ ಗ್ರೌಂಡ್ ಎನ್ನುವುದನ್ನು ಒಂದೇ ತಂತಿಯೆಂದು ಎಣಿಸದೆ, ಕೊಳಕು ನೀರು ಮತ್ತು ಕುಡಿಯುವ ನೀರಿನ ಕಾಲುವೆಗಳಂತೆ ಬೇರೆ ಬೇರೆಯಾಗಿ ಎಳೆಯಬೇಕು. ಟ್ರಾನ್ಸ್‌ಫಾರ್ಮರ್‌ನ ನಡುವಿನ ತಂತಿ, ಅಂದರೆ 0 ಎಂದು ಬರೆದಿರುವುದು, ಎರಡು ಕೆಪಾಸಿಟರ್‌ಗಳು ಸೇರುವ ಜಾಗಕ್ಕೆ ಹೋಗಲಿ. ಅಲ್ಲಿಗೆ ಬೇರೆ ಯಾವುದನ್ನೂ ಬೆಸೆಯಬೇಡಿ. ಆ ಜಾಗದಿಂದ ಒಂದು ದಪ್ಪ, ಗಿಡ್ಡ ತಂತಿಯನ್ನು ಮುಂದಕ್ಕೆ ಎಳೆದು ಅದರ ಕೊನೆಯನ್ನು ಸ್ಟಾರ್ ಬಿಂದುವಾಗಿ ಮಾಡಿ. ಸ್ಪೀಕರ್‌ಗಳ ಮೈನಸ್, 1 ಓಮ್ ಮತ್ತು 220 ನ್ಯಾನೊಫ್ಯಾರಡ್‌ನ ಗ್ರೌಂಡ್, ಸಪ್ಲೈಯ ಚಿಕ್ಕ ಕೆಪಾಸಿಟರ್‌ಗಳ ಗ್ರೌಂಡ್ ಇವೆಲ್ಲ ಒಂದೊಂದಾಗಿ, ತಮ್ಮ ತಮ್ಮ ತಂತಿಯಲ್ಲಿ, ಈ ಬಿಂದುವಿಗೆ ಬರಲಿ. ಇನ್‌ಪುಟ್ ಸಾಕೆಟ್‌ನ, ವಾಲ್ಯೂಮ್ ಕಂಟ್ರೋಲ್‌ನ, ಫೀಡ್‌ಬ್ಯಾಕ್‌ನ 22 ಮೈಕ್ರೊಫ್ಯಾರಡ್ ಕೆಪಾಸಿಟರ್‌ನ ಗ್ರೌಂಡ್‌ಗಳು ಬೋರ್ಡ್ ಮೇಲೆ ತಮ್ಮಲ್ಲೇ ಒಂದಾಗಿ, ಅಲ್ಲಿಂದ ಒಂದೇ ತಂತಿಯಾಗಿ ಸ್ಟಾರ್‌ಗೆ ಬರಲಿ. ಇನ್‌ಪುಟ್ ಸಾಕೆಟ್‌ಗಳ ಉಂಗುರ ಲೋಹದ ಡಬ್ಬಿಗೆ ತಾಗದಂತೆ ಪ್ಲಾಸ್ಟಿಕ್ ವಾಷರ್ ಹಾಕಿ. ಇಷ್ಟು ಮಾಡಿದರೆ ಒಳಗಿನ ಸದ್ದು ಬಹುತೇಕ ಸಾಯುತ್ತದೆ. ಸ್ವಲ್ಪ ಉಳಿದರೆ, ಟ್ರಾನ್ಸ್‌ಫಾರ್ಮರನ್ನು ಸ್ಕ್ರೂ ಸಡಿಲಿಸಿ, ಕೈಯಲ್ಲಿ ಒಣ ಮರದ ತುಂಡು ಹಿಡಿದು, ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ಆಲಿಸಿ. ಯಾವುದೋ ಒಂದು ಕೋನದಲ್ಲಿ ಸದ್ದು ಕನಿಷ್ಠವಾಗುತ್ತದೆ, ಅಲ್ಲಿಯೇ ಬಿಗಿ ಮಾಡಿ. ಹೀಗೆ ಮಾಡುವ ಮುನ್ನ 230 ವೋಲ್ಟ್‌ನ ಬೆಸುಗೆಗಳಿಗೆಲ್ಲ ಸ್ಲೀವ್ ಹಾಕಿರಬೇಕು.

ಇನ್ನು ಹೊರಗಿನ ಸದ್ದು. ಉಪಗ್ರಹದಿಂದ ನೇರವಾಗಿ ಟಿವಿ ಹಿಡಿಯುವುದು ನಮ್ಮ ಸೀಮೆಗೆ ಹಳೆಯ ಪರಿಚಯ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಎಂಬ ಉಪಗ್ರಹ ಶಿಕ್ಷಣ ಟಿವಿ ಪ್ರಯೋಗದಲ್ಲಿ ಎಟಿಎಸ್-6 ಉಪಗ್ರಹದ ಕಾರ್ಯಕ್ರಮಗಳನ್ನು ಅಂದಿನ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಕೋಳಿಗೂಡಿನ ಜಾಲರಿಯಿಂದ ಮಾಡಿದ 3 ಮೀಟರ್ ಡಿಶ್‌ಗಳು ಹಿಡಿದಿದ್ದವು. ನಿಮ್ಮ ಶಹಾಪುರವೂ ಆಗ ಗುಲಬರ್ಗಾ ಜಿಲ್ಲೆಯಲ್ಲೇ ಇತ್ತು. ಇಂದಿನ ಚಿಕ್ಕ ಡಿಶ್‌ನಿಂದ ನಮಗೆ ಬರುವ ತೊಂದರೆ ಬೇರೆ ಬಗೆಯದು. ಡಿಶ್‌ನ ಕೇಬಲ್‌ನ ಹೊರಜಾಲರಿ ಮಾಳಿಗೆಯ ಕಬ್ಬಿಣದ ಕಂಬಕ್ಕೆ ತಾಗಿರುತ್ತದೆ, ಕಂಬ ಗೋಡೆಗೆ. ಇತ್ತ ಅದೇ ಜಾಲರಿ ಸೆಟ್‌ಟಾಪ್ ಬಾಕ್ಸ್ ಮೂಲಕ, ಧ್ವನಿಯ ತಂತಿಯ ಮೂಲಕ, ನಿಮ್ಮ ಆಂಪ್ಲಿಫೈಯರ್ ಡಬ್ಬಿಗೂ ಅದರ ಮೂರು ಪಿನ್‌ನ ಅರ್ತ್‌ಗೂ ಸೇರುತ್ತದೆ. ಚಿತ್ರದ ತಂತಿಯ ಮೂಲಕ ಟಿವಿಯೂ ಇದೇ ಬಳಗಕ್ಕೆ ಬರುತ್ತದೆ. ಹೀಗೆ ಮನೆಯನ್ನೇ ಬಳಸಿ ನಿಂತ ದೊಡ್ಡ ಸುತ್ತಿನಲ್ಲಿ 50 ಹರ್ಟ್ಸ್‌ನ ಸಣ್ಣ ಕರೆಂಟ್ ಸುತ್ತಾಡುತ್ತದೆ.

ಪರದೆಯ ಮೇಲೆ ತೆವಳುವ ಪಟ್ಟಿ ಅದೇ ಕರೆಂಟಿನ ಕಣ್ಣಿಗೆ ಕಾಣುವ ರೂಪ. ಹಳದಿ ಸಾಕೆಟ್‌ನ ಚಿತ್ರದ ಸಂಕೇತ ಒಟ್ಟು 1 ವೋಲ್ಟ್, ಅದರಲ್ಲಿ ಕಪ್ಪಿನಿಂದ ಬಿಳಿಯವರೆಗಿನ ಪಾಲು 0.7 ವೋಲ್ಟ್. ಕೇವಲ 35 ಮಿಲಿವೋಲ್ಟ್ ಹಮ್ ಸೇರಿದರೂ ಹೊಳಪಿನಲ್ಲಿ ಶೇಕಡ 5ರ ವ್ಯತ್ಯಾಸ ಬೀಳುತ್ತದೆ. ನಮ್ಮ ಪಾಲ್ ಪದ್ಧತಿಯ ಟಿವಿ ಸೆಕೆಂಡಿಗೆ 50 ಸಲ ಪರದೆಯನ್ನು ಗೆರೆ ಎಳೆದು ತುಂಬುತ್ತದೆ, ಕರೆಂಟಿನ ಅಲೆಯೂ ಸುಮಾರು ಅಷ್ಟೇ. ಎರಡರ ನಡುವೆ ಉಳಿಯುವ ಅತಿ ಚಿಕ್ಕ ಅಂತರದಿಂದಾಗಿ ಪಟ್ಟಿ ಹಾರದೆ ನಿಧಾನವಾಗಿ ತೆವಳುತ್ತದೆ. ಪಟ್ಟಿ ಒಂದೇ ಇದ್ದರೆ 50 ಹರ್ಟ್ಸ್, ಅಂದರೆ ಗ್ರೌಂಡ್ ಸುತ್ತು. ಎರಡಿದ್ದರೆ 100 ಹರ್ಟ್ಸ್, ಅಂದರೆ ಯಾವುದೋ ಪವರ್ ಸಪ್ಲೈಯ ಕೆಪಾಸಿಟರ್ ಒಣಗಿದೆ. ಆಸಿಲೊಸ್ಕೋಪ್ ಇಲ್ಲದ ಹವ್ಯಾಸಿಗೆ ಇಷ್ಟು ಒಳ್ಳೆಯ ಉಪಕರಣ ಬೇರೆ ಸಿಗದು. ನೀವು ಒಂದು ಪಟ್ಟಿ ಎಂದಿದ್ದೀರಿ.

ಮೂರೂ ಉಪಕರಣಗಳನ್ನು ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿ ನೋಡಿ. ಅನಂತರ ಎಲ್ಲವನ್ನೂ ಆರಿಸಿ, ಡಿಶ್‌ನ ಕೇಬಲನ್ನು ಸೆಟ್‌ಟಾಪ್ ಬಾಕ್ಸ್‌ನಿಂದ ಬಿಚ್ಚಿ, ಮತ್ತೆ ಚಾಲೂ ಮಾಡಿ ಆಲಿಸಿ. ಸದ್ದು ಇಳಿದರೆ ಸುತ್ತು ಡಿಶ್ ಮೂಲಕವೇ ಹಾಯುತ್ತಿದೆ. ಡಿಶ್‌ನ ಕಂಬವನ್ನು ದಪ್ಪ ತಂತಿಯಿಂದ ಮನೆಯ ಅದೇ ಅರ್ತ್‌ಗೆ ಸೇರಿಸುವುದು ಸರಿಯಾದ ಕ್ರಮ. ಧ್ವನಿಯ ತಂತಿಯ ನಡುವೆ 600 ಓಮ್‌ಗೆ 600 ಓಮ್‌ನ ಚಿಕ್ಕ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಜೋಡಿ ಹಾಕಿದರೆ, ಹಾಡು ದಾಟುತ್ತದೆ, ಸುತ್ತು ಕಡಿದುಹೋಗುತ್ತದೆ, ಆಂಪ್ಲಿಫೈಯರ್ ಮೂಲಕ ಬರುತ್ತಿದ್ದ ಪಟ್ಟಿಯೂ ಮಾಯವಾಗುತ್ತದೆ.

ಒಂದು ಅಡ್ಡದಾರಿಯನ್ನು ಮಾತ್ರ ಹಿಡಿಯಬೇಡಿ. ಆಂಪ್ಲಿಫೈಯರ್‌ನ ಪ್ಲಗ್‌ನಲ್ಲಿ ಅರ್ತ್ ಪಿನ್ ಮುರಿದರೆ ಹಮ್ ನಿಲ್ಲುತ್ತದೆ ಎಂದು ಯಾರಾದರೂ ಹೇಳಬಹುದು. ನಿಲ್ಲುವುದೂ ನಿಜ. ಆದರೆ ಟ್ರಾನ್ಸ್‌ಫಾರ್ಮರ್ ಒಳಗೆ ಸುಟ್ಟು 230 ವೋಲ್ಟ್ ಡಬ್ಬಿಗೆ ಬಂದ ದಿನ, ವಾಲ್ಯೂಮ್ ತಿರುಗಿಸಲು ಕೈ ಇಟ್ಟ ಮಗುವಿನ ಜೀವ ಉಳಿಸುವುದು ಆ ಪಿನ್ ಒಂದೇ. ಡಬ್ಬಿ ಸದಾ ಅರ್ತ್‌ನಲ್ಲೇ ಇರಲಿ. ಬೇಕಿದ್ದರೆ ಸ್ಟಾರ್ ಬಿಂದುವಿಗೂ ಡಬ್ಬಿಗೂ ನಡುವೆ 10 ಓಮ್ ರೆಸಿಸ್ಟರ್ ಹಾಕಿ, ಅದಕ್ಕೆ ಸಮಾನಾಂತರವಾಗಿ 35 ಆಂಪಿಯರ್‌ನ ಬ್ರಿಜ್ ರೆಕ್ಟಿಫೈಯರ್ ಒಂದರ ಪ್ಲಸ್ ಮತ್ತು ಮೈನಸ್ ಕಾಲುಗಳನ್ನು ಒಂದಕ್ಕೊಂದು ಸೇರಿಸಿ, ಎರಡು ಎಸಿ ಕಾಲುಗಳನ್ನು ಸ್ಟಾರ್‌ಗೂ ಡಬ್ಬಿಗೂ ಜೋಡಿಸಿ. ಸಣ್ಣ ಹಮ್‌ನ ಕರೆಂಟಿಗೆ 10 ಓಮ್ ಅಡ್ಡ ನಿಲ್ಲುತ್ತದೆ. ಅಪಘಾತದ ದೊಡ್ಡ ಕರೆಂಟಿಗೆ ಡಯೋಡ್‌ಗಳು ದಾರಿ ಬಿಡುತ್ತವೆ.

ಆ ಅರ್ತ್ ಮೊದಲು ನಿಜವಾಗಿಯೂ ಇರಬೇಕಲ್ಲ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಅರ್ತ್‌ಗೆ ಬಹಳ ಒಳ್ಳೆಯದು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಂಬಿಯಿಂದಲೇ ದೂರ ಸರಿಯುತ್ತದೆ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲ ನೀರನ್ನು ಬೇಗ ಬಸಿದುಬಿಡುವುದರಿಂದ ಅಲ್ಲಿ ಕಷ್ಟ ಇನ್ನೂ ಹೆಚ್ಚು. ಅರ್ತ್ ಗುಂಡಿಗೆ ಫೆಬ್ರುವರಿಯಿಂದಲೇ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯುವುದನ್ನು ಮನೆಯ ವಾಡಿಕೆ ಮಾಡಿಕೊಳ್ಳಿ.

ಕೆಲಸ ಮುಗಿದ ಮೇಲೆ ನೇರವಾಗಿ ಕರೆಂಟಿಗೆ ಕೊಡಬೇಡಿ. ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ (230 ವೋಲ್ಟ್ ಕಡೆಯಲ್ಲಿ) 500 ಮಿಲಿಆಂಪಿಯರ್‌ನ ನಿಧಾನ ಫ್ಯೂಸ್ ಹಾಕಿ, ಅದರ ಮುಂದೆ 60 ವ್ಯಾಟ್‌ನ ತಂತಿಬಲ್ಬ್ ಒಂದನ್ನು ಸೀರೀಸ್‌ನಲ್ಲಿ ಜೋಡಿಸಿ. ಎಲ್‌ಇಡಿ ಬಲ್ಬ್ ಇದಕ್ಕೆ ಬಾರದು. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಒಳಗೆ ಶಾರ್ಟ್ ಇಲ್ಲ. ಬೆಳಗುತ್ತಲೇ ಇದ್ದರೆ ತಕ್ಷಣ ಆರಿಸಿ, ಅಭ್ರಕವನ್ನೂ ಡಯೋಡ್‌ಗಳ ದಿಕ್ಕನ್ನೂ ಮತ್ತೆ ನೋಡಿ. ಬಲ್ಬ್ ಮಂಕಾಗಿದ್ದರೆ, ಸ್ಪೀಕರ್ ಜೋಡಿಸುವ ಮೊದಲು ಎರಡೂ ಔಟ್‌ಪುಟ್‌ಗಳಲ್ಲಿ ಡಿಸಿ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟ್ ಇದ್ದರೆ ಸರಿ. ಒಂದು ವೋಲ್ಟ್ ಇದ್ದರೂ ಸ್ಪೀಕರ್ ಮುಟ್ಟಿಸಬೇಡಿ. ಅನಂತರ ಬಲ್ಬ್ ತೆಗೆದು, ಇನ್‌ಪುಟ್ ಸೇರಿಸಿಟ್ಟ ಚಿಕ್ಕ ತಂತಿಯನ್ನು ಹಾಗೆಯೇ ಬಿಟ್ಟು ಸ್ಪೀಕರ್‌ಗೆ ಕಿವಿಗೊಡಿ. ಒಂದು ಗೇಣು ದೂರದಿಂದ ಏನೂ ಕೇಳದಿದ್ದರೆ ಸೆಟ್‌ಟಾಪ್ ಬಾಕ್ಸ್ ಜೋಡಿಸಬಹುದು. ಕೇಳಿದರೆ ಅದು 50ರದೋ 100ರದೋ ಎಂದು ಗುರುತಿಸಿ, ರಾತ್ರಿ ಅಳೆದ ವೋಲ್ಟೇಜ್ ಅಂಕಿಗಳ ಜೊತೆ ನನಗೆ ಬರೆಯಿರಿ.